ಕ್ಷೌರದ ಕತ್ತಿಯ ಪಾಠ

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಪಂಪನನ್ನು ಕುರಿತು, ಹೊಯ್ಸಳ ಶಿಲ್ಪವನ್ನು ಕುರಿತು, ಹಣದುಬ್ಬರವನ್ನು ಕುರಿತು ಲೇಖನಗಳು ಬರುವುದು ವಾಡಿಕೆ. ಅವುಗಳ ನಡುವೆ ಕ್ಷೌರದ ಕತ್ತಿಯನ್ನು ಕುರಿತ ಬರಹವೊಂದು ಕಣ್ಣಿಗೆ ಬಿದ್ದರೆ ಕೆಲವು ಮಿತ್ರರು ನಗಬಹುದು. ಮಾನ್ಯ ಅಧ್ಯಾಪಕರಲ್ಲಿ ಕೆಲವರು ಇದು ಪರೀಕ್ಷೆಗೆ ಬರುವ ವಿಷಯವೇ ಎಂದು ಕೇಳಬಹುದು. ಪರೀಕ್ಷೆಗೆ ಬರುವುದಿಲ್ಲ, ನಿಜ. ಆದರೆ ಈ ವರ್ಷ ನಾನು ಕಲಿತ ಪಾಠಗಳಲ್ಲಿ ಇದರಷ್ಟು ಕಷ್ಟವಾದದ್ದು ಇನ್ನೊಂದಿಲ್ಲ. ಇದರಲ್ಲಿ ಮಾಡಿದ ತಪ್ಪಿಗೆ ಅಂಕ ಕಳೆಯುವವರು ಯಾರೂ ಬೇಕಾಗಲಿಲ್ಲ. ತಪ್ಪು ತಾನೇ ಕೆಂಪು ಗೆರೆ ಎಳೆದು ತೋರಿಸುತ್ತಿತ್ತು.

ಮೊದಲಿಗೇ ನನ್ನ ವಿಷಯವಾಗಿ ಒಂದೆರಡು ಮಾತು ಹೇಳಿಬಿಡುವುದು ಒಳ್ಳೆಯದು. ನಾವು ತಲೆತಲಾಂತರದಿಂದ ಕ್ಷೌರಿಕ ವೃತ್ತಿಯವರು. ನಮ್ಮ ತಾತ ಮೂರು ಹಳ್ಳಿಗಳಿಗೆ ಆಯದ ಕೆಲಸ ಮಾಡುತ್ತಿದ್ದರು. ವರ್ಷವೆಲ್ಲ ಹಡಪ ಹೊತ್ತು ಮನೆಮನೆಗೆ ಹೋಗುವುದು, ಸುಗ್ಗಿಯಲ್ಲಿ ಕಣದ ಬಳಿ ನಿಂತು ಮನೆಗಿಷ್ಟು ಎಂದು ರಾಗಿ ತರುವುದು. (ಹಡಪವೆಂದರೆ ಎಲೆಅಡಿಕೆಯ ಚೀಲವೆಂದೂ ಕ್ಷೌರಿಕನ ಚೀಲವೆಂದೂ ನಿಘಂಟು ಎರಡು ಅರ್ಥ ಕೊಡುತ್ತದೆ, ನಮ್ಮ ಮನೆಯ ಹಡಪ ಎರಡನೆಯದು. ಆದರೆ ಅದರಲ್ಲಿ ತಾತನ ಎಲೆಅಡಿಕೆಯೂ ಇರುತ್ತಿತ್ತು.) ನಮ್ಮ ತಂದೆಯವರು ತಾಲ್ಲೂಕು ಕೇಂದ್ರದಲ್ಲಿ ಎರಡು ಕುರ್ಚಿಯ ಅಂಗಡಿ ಇಟ್ಟಿದ್ದಾರೆ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಹತ್ತಲೇಬೇಕೆಂದು ಹಟ ಹಿಡಿದವರು ತಂದೆಯವರು. ನಾನು ಚಿಕ್ಕವನಿದ್ದಾಗ ಊಟದ ಡಬ್ಬಿ ತೆಗೆದುಕೊಂಡು ಹೋದರೆ ಅಂಗಡಿಯ ಹೊಸ್ತಿಲಿನಲ್ಲೇ ಈಸಿಕೊಂಡು ವಾಪಸು ಕಳುಹಿಸಿಬಿಡುತ್ತಿದ್ದರು. "ಕೈ ಒಂದ್ ಸಲ ಕತ್ತಿಗೆ ಒಗ್ಗಿದ್ರೆ ಪುಸ್ತಕಕ್ಕೆ ಒಗ್ಗಲ್ಲ" ಎಂಬುದು ಅವರ ಮಾತು. ಹೀಗಾಗಿ ಇಪ್ಪತ್ತು ವರ್ಷ ತುಂಬುವವರೆಗೂ ನಾನು ಕತ್ತಿ ಮುಟ್ಟಿದವನಲ್ಲ.

ಮುಟ್ಟಬೇಕೆಂದು ಅನ್ನಿಸಿದ್ದು ತರಗತಿಯಲ್ಲಿ. ಕಳೆದ ವರ್ಷ ಇತಿಹಾಸದ ಅಧ್ಯಾಪಕರು ನಮ್ಮ ನಮ್ಮ ಊರಿನ ಒಂದು ಕಸುಬನ್ನೂ ಅದರ ಉಪಕರಣಗಳನ್ನೂ ವಿವರಿಸಿ ಹತ್ತು ಪುಟ ಬರೆದು ತರಬೇಕೆಂದರು. ಕುಂಬಾರಿಕೆ, ಕಂಬಳಿ ನೇಯ್ಗೆ, ಗಾಣ ಎಂದು ಒಬ್ಬೊಬ್ಬರು ಒಂದೊಂದನ್ನು ಹಿಡಿದರು. ನಾನು ಕಮ್ಮಾರಿಕೆ ಎಂದು ಹೆಸರು ಕೊಟ್ಟೆ. ಮನೆಯ ಕಸುಬಿನ ಹೆಸರು ನಮ್ಮ ಕಡೆ ಬೈಗುಳವಾಗಿಯೂ ಬಳಕೆಯಾಗುತ್ತದೆ. ಅದನ್ನು ತರಗತಿಯಲ್ಲಿ ಎದ್ದುನಿಂತು ಹೇಳಲು ನಾಲಿಗೆ ಏಳಲಿಲ್ಲ. ಅದು ಮೊದಲನೆಯ ನಾಚಿಕೆ. ಎರಡನೆಯದು ಅಂದು ರಾತ್ರಿ ಹಾಸ್ಟೆಲಿನಲ್ಲಿ ಆಯಿತು. ನನ್ನ ಕೊಠಡಿಯ ಮಿತ್ರನೊಬ್ಬ, ಕೆಟ್ಟ ಮನಸ್ಸಿನಿಂದಲ್ಲ, ನಿಜವಾದ ಕುತೂಹಲದಿಂದಲೇ, "ನಿಮ್ಮ ತಾತನ ಕಾಲದ ಕತ್ತಿಗೆ ಬ್ಲೇಡು ಇರಲಿಲ್ಲವಲ್ಲ, ಅದನ್ನು ಹರಿತ ಮಾಡುತ್ತಿದ್ದುದು ಹೇಗೆ?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಕಸುಬು ನಮ್ಮದೆಂದು ಹೇಳಲು ನಾಚಿದವನು ಅದು ಗೊತ್ತಿಲ್ಲವೆಂದು ಹೇಳುವಾಗ ಇನ್ನೂ ಹೆಚ್ಚು ನಾಚಿದೆ. ಬೇಸಗೆ ರಜೆಗೆ ಊರಿಗೆ ಹೋದವನು ತಾತನನ್ನು ಕೇಳಿದೆ. ಅವರು ಮಾತಾಡದೆ ಒಳಗೆ ಹೋಗಿ ಟ್ರಂಕಿನ ತಳದಿಂದ ಎಣ್ಣೆಬಟ್ಟೆಯ ಒಂದು ಸುರುಳಿ ತಂದು ನನ್ನ ಮುಂದಿಟ್ಟರು.

ಈ ಕತ್ತಿ ಟ್ರಂಕು ಸೇರಿದ್ದಕ್ಕೂ ಒಂದು ಕಾರಣವುಂಟು. ಒಂದೇ ಕತ್ತಿಯಿಂದ ಹತ್ತು ಜನರಿಗೆ ಕ್ಷೌರ ಮಾಡಿದರೆ ರಕ್ತದ ಮೂಲಕ ಹರಡುವ ಹೆಪಟೈಟಿಸ್ ಬಿ ಮೊದಲಾದ ಕಾಯಿಲೆಗಳು ಒಬ್ಬರಿಂದ ಒಬ್ಬರಿಗೆ ದಾಟಬಹುದು. 1986ರಲ್ಲಿ ಮದರಾಸಿನಲ್ಲಿ ಎಚ್.ಐ.ವಿ. ಸೋಂಕು ನಮ್ಮ ದೇಶದಲ್ಲಿ ಮೊದಲು ಪತ್ತೆಯಾದ ಮೇಲೆ ಜನರಲ್ಲಿ ಈ ಭಯ ಬೆಳೆಯಿತು. ಇಂದು ಅಂಗಡಿಗಳಲ್ಲಿ ಕಾಣುವುದು ಎರಡಂಚಿನ ಬ್ಲೇಡನ್ನು ನಡುವೆ ಮುರಿದು ಅರ್ಧವನ್ನು ಸಿಕ್ಕಿಸುವ ಕತ್ತಿ. ಗಿರಾಕಿಯೊಬ್ಬರಿಗೆ ಒಂದು ಹೊಸ ತುಂಡು, ಆಮೇಲೆ ಅದು ಡಬ್ಬಕ್ಕೆ. ಇದು ಒಳ್ಳೆಯದೇ ಆಯಿತು. ನಾನು ಇಲ್ಲಿ ಹೇಳುತ್ತಿರುವ ಇಡೀ ಉಕ್ಕಿನ ಕತ್ತಿಯನ್ನು ಒಬ್ಬನು ತನ್ನ ಮುಖಕ್ಕೆ ಮಾತ್ರ ಬಳಸತಕ್ಕದ್ದು. ಸಹಪಾಠಿಗಳಲ್ಲಿ ಯಾರಿಗಾದರೂ ಕಲಿಯುವ ಮನಸ್ಸಾದರೆ ಈ ಒಂದು ಮಾತನ್ನು ಮಾತ್ರ ಮರೆಯಬಾರದು.

ಕತ್ತಿಯ ವರ್ಣನೆಗೆ ಬರುತ್ತೇನೆ. ಅಲಗಿನ ಅಗಲ ಸುಮಾರು ಮುಕ್ಕಾಲು ಅಂಗುಲ. ಮೇಲಿನ ದಪ್ಪ ಭಾಗ ಬೆನ್ನು; ಕೆಳಗಿನ ಹರಿತ ಭಾಗವನ್ನು ತಾತ ಬಾಯಿ ಎನ್ನುತ್ತಾರೆ. ಬೆನ್ನಿನಿಂದ ಬಾಯಿಗೆ ಬರುತ್ತ ಎರಡು ಪಕ್ಕಗಳೂ ಒಳಕ್ಕೆ ಬಾಗಿ ಕಾಗದದಂತೆ ತೆಳುವಾಗುತ್ತವೆ. ಅಲಗಿನ ಹಿಂದೆ ಬೆರಳಿಡುವ ಕುತ್ತಿಗೆ, ಅದರ ತುದಿಗೆ ಮೇಲಕ್ಕೆ ಬಾಗಿದ ಬಾಲ. ಅಲಗನ್ನು ಮಡಿಸಿಡುವ ಎರಡು ಹೋಳಿನ ಹಿಡಿ ಒಂದು ಮೊಳೆಯ ಮೇಲೆ ತಿರುಗುತ್ತದೆ. ಕುತ್ತಿಗೆಯ ಮೇಲೆ ಸವೆದ ಅಕ್ಷರಗಳಲ್ಲಿ ಝೋಲಿಂಗೆನ್ ಎಂಬ ಜರ್ಮನಿಯ ಊರಿನ ಹೆಸರಿದೆ. ಕತ್ತಿ ಚಾಕುಗಳಿಗೆ ಶತಮಾನಗಳಿಂದ ಹೆಸರಾದ ಊರು ಅದು. ತಂದೆಯವರು ಹುಟ್ಟುವುದಕ್ಕೂ ಮುಂಚೆ ಸಂತೆಯಲ್ಲಿ ಕೊಂಡದ್ದಂತೆ. "ಆವತ್ತು ಎಮ್ಮೆ ಮಾರಿ ಬಂದ ದುಡ್ಡಲ್ಲಿ ಮೊದ್ಲು ತಗಂಡದ್ದು ಇದು" ಎಂದರು ತಾತ. ಅಜ್ಜಿ ಅದಕ್ಕೆ ಇಂದಿಗೂ ಕ್ಷಮಿಸಿಲ್ಲ.

ಇತಿಹಾಸದ ವಿದ್ಯಾರ್ಥಿಯಾದ ನನಗೆ ಆ ಜರ್ಮನ್ ಹೆಸರು ನೋಡಿ ಒಂದು ಪ್ರಶ್ನೆ ಎದ್ದಿತು. ನಮ್ಮಲ್ಲಿ ಉಕ್ಕು ಇರಲಿಲ್ಲವೇ? ಗ್ರಂಥಾಲಯದಲ್ಲಿ ಹುಡುಕಿದಾಗ ತಿಳಿದದ್ದು ಬಹಳ ಸ್ವಾರಸ್ಯವಾಗಿದೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬವನು ಮೂಸೆಯಲ್ಲಿ ಉಕ್ಕನ್ನು ಕರಗಿಸುವ ವಿಧಾನವನ್ನು ಸಾಧಿಸಿದ್ದು 1740ರ ಸುಮಾರಿಗೆ. ಒಳ್ಳೆಯ ಕ್ಷೌರದ ಕತ್ತಿಗೆ ಬೇಕಾದ ಒಂದೇ ಹದದ ಉಕ್ಕು ಇದರಿಂದ ಆ ನಾಡಿಗೆ ದೊರೆಯಿತು. ದಕ್ಷಿಣ ಭಾರತದಲ್ಲಾದರೋ ಮೂಸೆಯ ಉಕ್ಕು ಅದಕ್ಕೆ ಎಷ್ಟೋ ಶತಮಾನ ಮೊದಲೇ ತಯಾರಾಗುತ್ತಿತ್ತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅದನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಕಬ್ಬಿಣದ ಚೂರುಗಳನ್ನು ತಂಗಡಿಯ ಕಡ್ಡಿ, ಹಸಿರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು ಬಾಯಿ ಮುಚ್ಚಿ ಕುಲುಮೆಯಲ್ಲಿ ಕಾಯಿಸುವುದು ಆ ಕಾಲದ ವಿಧಾನ. ಕಡ್ಡಿ ಎಲೆಗಳ ಇಂಗಾಲ ಕಬ್ಬಿಣದೊಳಕ್ಕೆ ಸೇರಿ ಉಕ್ಕಾಗುತ್ತದೆ. ಇದನ್ನು ಇಂಗ್ಲಿಷರು 'ವೂಟ್ಜ್' ಎಂದು ಕರೆದರು. ಅದು ನಮ್ಮ 'ಉಕ್ಕು' ಎಂಬ ಮಾತೇ ಅವರ ಕಿವಿಯಲ್ಲೋ ಬರವಣಿಗೆಯಲ್ಲೋ ಕೆಟ್ಟದ್ದು ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ವಿದ್ಯುಚ್ಛಕ್ತಿಯ ಸಂಶೋಧನೆಗೆ ಹೆಸರಾದ ಮೈಕೆಲ್ ಫ್ಯಾರಡೆ ತನ್ನ ಯೌವನದಲ್ಲಿ, 1819ರಿಂದ ಕೆಲವು ವರ್ಷ, ಕತ್ತಿ ತಯಾರಕ ಜೇಮ್ಸ್ ಸ್ಟೋಡಾರ್ಟನ ಜೊತೆ ಸೇರಿ ಈ ಉಕ್ಕನ್ನು ಪರೀಕ್ಷಿಸಿದ. ಅದರಿಂದ ಹೊಸ ಮಿಶ್ರಲೋಹಗಳ ಪ್ರಯೋಗಕ್ಕೂ ಕೈಹಾಕಿದ. ಹಾಗೆ ಸಿದ್ಧವಾದ ಒಂದು ಮಿಶ್ರಲೋಹದಿಂದ ಕ್ಷೌರದ ಕತ್ತಿಗಳನ್ನು ಮಾಡಿಸಿ ಸ್ನೇಹಿತರಿಗೆ ಕಾಣಿಕೆ ಕೊಡುತ್ತಿದ್ದನಂತೆ. ಇದನ್ನು ಓದಿ ತಾತನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾರೆ ಅವನ್ಗೂ ಸಾಣೆ ಹಿಡಿಯಾಕ್ ಬತ್ತಿತ್ತು ಅನ್ನು" ಎಂದರು.

ಸಾಣೆ ಎಂಬಲ್ಲಿಗೆ ನನ್ನ ಮಿತ್ರನ ಪ್ರಶ್ನೆಗೆ ಬಂದಂತಾಯಿತು. ಹರಿತ ಮಾಡುವುದರಲ್ಲಿ ಎರಡು ಕೆಲಸಗಳಿವೆ. ಹೊಸಬರು ಎರಡನ್ನೂ ಒಂದೆಂದೇ ತಿಳಿಯುತ್ತಾರೆ. ಕಲ್ಲಿನ ಮೇಲೆ ತಿಕ್ಕಿದರೆ ಉಕ್ಕು ಸವೆದು ಹೊಸ ಬಾಯಿ ಹುಟ್ಟುತ್ತದೆ. ಚರ್ಮದ ಮೇಲೆ ಎಳೆದರೆ ಉಕ್ಕು ಸವೆಯುವುದು ತೀರ ಅತ್ಯಲ್ಪ. ಮುಖ್ಯವಾಗಿ ಇರುವ ಬಾಯಿ ನೇರವಾಗಿ ನುಣುಪಾಗುತ್ತದೆ. ಮೊದಲನೆಯದು ತಿಂಗಳುಗಳಿಗೊಮ್ಮೆ ಸಾಕು. ಎರಡನೆಯದು ಪ್ರತಿ ಕ್ಷೌರಕ್ಕೂ ಮೊದಲು ಆಗಲೇಬೇಕು. ಕಲ್ಲಿಗೆ ನೀರು ಬಿಟ್ಟು ಅಲಗನ್ನು ಚಪ್ಪಟೆಯಾಗಿ ಮಲಗಿಸಿ, ಬಾಯಿ ಮುಂದಾಗಿ ತಳ್ಳಬೇಕು. ಇಲ್ಲಿ ಕತ್ತಿ ಮಾಡಿದವನ ಜಾಣ್ಮೆ ಕಾಣುತ್ತದೆ. ಅಡುಗೆಮನೆಯ ಚಾಕುವಿಗಾದರೆ ಎಷ್ಟು ಓರೆ ಹಿಡಿಯಬೇಕೆಂದು ಕೈಗೆ ಗೊತ್ತಿರಬೇಕು. ಈ ಕತ್ತಿಗೆ ಬೆನ್ನೂ ಬಾಯೂ ಎರಡೂ ಕಲ್ಲಿಗೆ ತಾಗಿದರೆ ಆಯಿತು, ಓರೆ ತಾನಾಗಿ ಸರಿಯಾಗುತ್ತದೆ. ಬೆನ್ನಿನ ದಪ್ಪವೇ ಅದನ್ನು ಗೊತ್ತುಮಾಡಿಬಿಟ್ಟಿದೆ. ಬಾಯಿ ಸವೆದಂತೆ ಬೆನ್ನೂ ಜೊತೆಯಲ್ಲಿ ಸವೆಯುವುದರಿಂದ ಹತ್ತಾರು ವರ್ಷ ಕಳೆದರೂ ಆ ಓರೆ ಹೆಚ್ಚು ಕೆಡುವುದಿಲ್ಲ. ಉರುಟು ಕಲ್ಲಿನಿಂದ ನುಣುಪು ಕಲ್ಲಿಗೆ ಹೋಗುವುದು ಕ್ರಮ. ಪೇಟೆಯ ಕಲ್ಲುಗಳಿಗೆ ಸಂಖ್ಯೆಗಳಿರುತ್ತವೆ. 1000ದಲ್ಲಿ ಬಾಯಿ ಕಟ್ಟಿ, ನಡುವಿನ ಕಲ್ಲು ದಾಟಿ, 8000ದಲ್ಲಿ ನುಣುಪು ಮಾಡುವುದು ರೂಢಿ. ತಾತನ ಕಲ್ಲಿಗೆ ಸಂಖ್ಯೆಯಿಲ್ಲ. ಅದು ಹೊಳೆಯ ಮೀನಿನ ಹೊಟ್ಟೆಯ ಹಾಗೆ ನುಣುಪಾಗಿದೆ, ನಡುವೆ ಸ್ವಲ್ಪ ತಗ್ಗು ಬಿದ್ದಿದೆ. ತಗ್ಗಾದ ಕಲ್ಲಿನಲ್ಲಿ ಬಾಯಿ ನೇರ ಬರುವುದಿಲ್ಲವಾದ್ದರಿಂದ ಮೊದಲು ಅದನ್ನು ಒರಟು ಬಂಡೆಯ ಮೇಲೆ ಉಜ್ಜಿ ಸಮ ಮಾಡಬೇಕಾಯಿತು. ನನ್ನ ಒಂದು ಭಾನುವಾರ ಹೀಗೆ ಕಳೆಯಿತು.

ಚರ್ಮದ ಪಟ್ಟಿಯನ್ನು ಬಾಗಿಲಿನ ಚೌಕಟ್ಟಿಗೆ ಕಟ್ಟಿ, ಇನ್ನೊಂದು ತುದಿಯನ್ನು ಎಡಗೈಯಿಂದ ಬಿಗಿಯಾಗಿ ಎಳೆದು ಹಿಡಿಯಬೇಕು. ಇಲ್ಲಿ ಬೆನ್ನು ಮುಂದೆ, ಬಾಯಿ ಹಿಂದೆ. ಕಲ್ಲಿನ ಮೇಲೆ ಮಾಡಿದ್ದಕ್ಕೆ ಇದು ತಿರುಗುಮುರುಗು. ಪಟ್ಟಿಯ ಕೊನೆ ಬಂದಾಗ ಅಲಗನ್ನು ಬೆನ್ನಿನ ಮೇಲೆ ಹೊರಳಿಸಿ ಹಿಂದಕ್ಕೆ ತರಬೇಕು. ಬಾಯಿಯ ಮೇಲೆ ಹೊರಳಿಸಿದಿರೋ, ಚರ್ಮ ಕತ್ತರಿಸಿತು. ನಾನು ಮೊದಲ ವಾರದಲ್ಲೇ ಎರಡು ಕಡೆ ಪಟ್ಟಿ ಕೊಯ್ದೆ. ಅದು ತಾತನ ಹಳೆಯ ಸೊಂಟಪಟ್ಟಿ. ಅವರು ಏನೂ ಅನ್ನಲಿಲ್ಲ, ಪಂಚೆಯನ್ನು ಒಂದು ಸುತ್ತು ಬಿಗಿ ಮಾಡಿಕೊಂಡರು ಅಷ್ಟೆ. ನಲವತ್ತು ಸಲ ಹೋಗಿ ಬರುವುದು, ನಿಧಾನವಾಗಿ. ಅಂಗಡಿಗಳಲ್ಲಿ ಪಟಪಟ ಸದ್ದು ಮಾಡುತ್ತ ಎಳೆಯುವುದು ಗಿರಾಕಿಗೆ ಕೇಳಿಸಲೆಂದು ಮಾಡುವ ಸಂಗೀತವೆಂದು ತಾತನ ಅಭಿಪ್ರಾಯ.

ಇಷ್ಟಾದರೂ ಕತ್ತಿಯನ್ನು ಮುಖಕ್ಕೆ ತರಲು ಅಪ್ಪಣೆ ಸಿಗಲಿಲ್ಲ. ಮೊದಲು ಎಳೆಯ ಸೋರೆಕಾಯಿ. ಹಿತ್ತಲಿನ ಚಪ್ಪರದಲ್ಲಿ ಬಿಟ್ಟ ಎಳೆಗಾಯಿಯ ಮೈಮೇಲೆ ಮೃದುವಾದ ನವಿರು ಇರುತ್ತದೆ; ಸಿಪ್ಪೆಗೆ ಗೀರು ಬೀಳದಂತೆ ಆ ನವಿರನ್ನು ಮಾತ್ರ ತೆಗೆಯಬೇಕು. ತಾತ ಎಂಟು ವರ್ಷದ ಹುಡುಗನಾಗಿದ್ದಾಗ ಕಲಿತದ್ದೂ ಹೀಗೆಯೇ. ಗೀರು ಬಿದ್ದರೆ ರಸ ಒಸರಿ ಗೊತ್ತಾಗುತ್ತದೆ. ನಾನು ಹಾಳು ಮಾಡಿದ ಕಾಯಿಗಳೆಲ್ಲ ಪಲ್ಯವಾಗಿ, ಹುಳಿಯಾಗಿ, ಮನೆಯವರಿಗೆಲ್ಲ ಸೋರೆಕಾಯಿಯ ಹೆಸರು ಕೇಳಿದರೆ ಬೇಸರ ಬರುವಷ್ಟಾದ ಮೇಲೆ, ಒಂದು ಕಾಯಿ ಗೀರಿಲ್ಲದೆ ಹೊರಬಂತು. ಆಗ ಒಂದು ಸಂಗತಿ ತಿಳಿಯಿತು. ಕತ್ತಿಗೆ ಒತ್ತಡ ಬೇಕಾಗಿಲ್ಲ. ಅದರ ತೂಕವೇ ಸಾಕು. ಕೈಯ ಕೆಲಸ ಅದನ್ನು ದಾರಿ ತಪ್ಪದಂತೆ ನೋಡಿಕೊಳ್ಳುವುದು.

ಇನ್ನು ಗಡ್ಡ. ಮುಖದ ಕೂದಲು ಒಣಗಿದ್ದಾಗ ಬಲು ಗಟ್ಟಿ; ನೀರು ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ. ಅದಕ್ಕೆ ಬಿಸಿನೀರಿನಲ್ಲಿ ಎರಡು ಮೂರು ನಿಮಿಷವಾದರೂ ನೆನೆಯಬೇಕು. ಸ್ನಾನವಾದ ಕೂಡಲೆ ಕ್ಷೌರಕ್ಕೆ ಕುಳಿತರೆ ಅರ್ಧ ಕೆಲಸ ಮುಗಿದಂತೆ. (ಕ್ಷೌರವಾದ ಮೇಲೆ ಸ್ನಾನ ಮಾಡುವುದು ನಮ್ಮ ಹಿರಿಯರ ಮಡಿಯ ನಿಯಮ. ಅದನ್ನು ಪಾಲಿಸುವವರು ಎರಡು ಸಲ ಸ್ನಾನ ಮಾಡಲಿ, ನನ್ನದೇನೂ ಅಡ್ಡಿಯಿಲ್ಲ.) ಸೋಪಿನ ನೊರೆಯ ಉಪಯೋಗವೂ ಎರಡು ಬಗೆ. ನೀರು ಆರಿಹೋಗದಂತೆ ಕೂದಲ ಮೇಲೆ ಹಿಡಿದಿಡುತ್ತದೆ. ಕತ್ತಿ ಜಾರಲು ಅನುಕೂಲ ಮಾಡುತ್ತದೆ.

ಕೂದಲಿಗಿಂತ ಉಕ್ಕು ಸುಮಾರು ಐವತ್ತು ಪಾಲು ಗಟ್ಟಿ. ಹಾಗಿದ್ದೂ ಕೂದಲು ಕತ್ತರಿಸಿ ಉಕ್ಕು ಮೊಂಡಾಗುವುದು ಏಕೆ? ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಇದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿ 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ನೋಡಿದ್ದು ಇಂದಿನ ಬ್ಲೇಡಿನ ಉಕ್ಕನ್ನು. ಬಾಯಿ ಬರಿದೆ ಸವೆದು ಮೊಂಡಾಗುವುದಿಲ್ಲ. ಅಲ್ಲಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚಕ್ಕೆಗಳು ಎದ್ದುಹೋಗುತ್ತವೆ. ಕೂದಲು ನೇರ ನಿಲ್ಲದೆ ಬಾಗಿದಾಗ, ಅಂಚಿನಲ್ಲಿ ಉಕ್ಕಿನ ಹದ ಒಂದೇ ಸಮನಿಲ್ಲದ ಕಡೆ, ಹೀಗಾಗುತ್ತದೆಯಂತೆ. ಇದನ್ನು ಓದಿದಾಗ ಕೂದಲನ್ನು ಚೆನ್ನಾಗಿ ನೆನೆಸುವುದು ನಮ್ಮ ಚರ್ಮಕ್ಕೆ ಮಾತ್ರವಲ್ಲ, ಕತ್ತಿಗೂ ಮಾಡುವ ಉಪಕಾರವಿರಬೇಕೆಂದು ನನಗೆ ತೋರಿತು. "ಒಣಗಡ್ಡ ಕೆರೆದ್ರೆ ಕತ್ತಿ ಅಳ್ತದೆ" ಎಂದು ತಾತ ಹೇಳುತ್ತಿದ್ದುದು ಬರಿಯ ಅಲಂಕಾರದ ಮಾತಲ್ಲ.

ಈಗ ಮುಖ್ಯ ಭಾಗ. ಕತ್ತಿ ಹಿಡಿಯುವ ಕ್ರಮ ಇದು: ಹಿಡಿಯನ್ನು ಮೇಲಕ್ಕೆ ತಿರುಗಿಸಿ, ಮೂರು ಬೆರಳುಗಳನ್ನು ಕುತ್ತಿಗೆಯ ಮೇಲೂ ಕಿರುಬೆರಳನ್ನು ಬಾಲದ ಮೇಲೂ ಇಟ್ಟು, ಹೆಬ್ಬೆರಳನ್ನು ಕೆಳಗಿನಿಂದ ಆನಿಸಬೇಕು. ಅಲಗು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಾಗಿರಲಿ. ಬೆನ್ನಿಗೂ ಚರ್ಮಕ್ಕೂ ನಡುವೆ ಒಂದು ಬೆನ್ನಿನ ದಪ್ಪದಷ್ಟು ಸಂದಿದ್ದರೆ ಲೆಕ್ಕ ಸರಿ. ಅದಕ್ಕಿಂತ ಮಲಗಿದರೆ ಕೂದಲನ್ನು ಕೀಳುತ್ತದೆ, ಎದ್ದರೆ ಚರ್ಮವನ್ನು ಕೆರೆಯುತ್ತದೆ. ಬಾಯಿ ಯಾವಾಗಲೂ ತನಗೆ ಅಡ್ಡವಾದ ದಿಕ್ಕಿನಲ್ಲೇ ಮುಂದುವರಿಯಬೇಕು. ಬಾಯಿಯ ಉದ್ದಕ್ಕೆ, ಅಂದರೆ ಗರಗಸದ ಹಾಗೆ, ಒಂದು ಕೂದಲೆಳೆಯಷ್ಟು ಜಾರಿದರೂ ಗಾಯ ತಪ್ಪದು. ಕತ್ತಿ ಕೈಜಾರಿದರೆ ಹಿಡಿಯಲು ಹೋಗಬಾರದು; ಬೀಳಲಿ ಬಿಡಿ, ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಿ. ಮೊದಲ ಎರಡು ವಾರ ಬಲಗೆನ್ನೆ ಮಾತ್ರ, ಉಳಿದದ್ದನ್ನು ಮಾಮೂಲು ರೇಜರಿನಿಂದ ಮುಗಿಸುವುದು.

ಆದರೆ ಇದೆಲ್ಲ ಕತ್ತಿ ಹಿಡಿದ ಕೈಯ ಮಾತಾಯಿತು. ನನ್ನನ್ನು ತಿಂಗಳುಗಟ್ಟಲೆ ಕಾಡಿದ್ದು ಇನ್ನೊಂದು ಕೈ. ಚರ್ಮ ಸಡಿಲವಾಗಿದ್ದರೆ ಕತ್ತಿಯ ಮುಂದೆ ಅಲೆಯಂತೆ ಏಳುತ್ತದೆ. ಎದ್ದ ಅಲೆಯನ್ನು ಕತ್ತಿ ಬಿಡುವುದಿಲ್ಲ. ಆದ್ದರಿಂದ ಎಡಗೈ ಚರ್ಮವನ್ನು ತಮಟೆಯ ಹಾಗೆ ಬಿಗಿ ಮಾಡಿಕೊಡಬೇಕು. ಬಲಗೆನ್ನೆಗೆ ಎಡಗೈಯನ್ನು ತಲೆಯ ಮೇಲಿನಿಂದ ಸುತ್ತಿ ತಂದು ಕಿವಿಯ ಮುಂದಿನ ಚರ್ಮವನ್ನು ಮೇಲಕ್ಕೆ ಎಳೆಯುವುದು. ದವಡೆಯ ಕೆಳಗೆ ತಲೆಯನ್ನು ಹಿಂದಕ್ಕೆ ಬಾಗಿಸಿ ಚರ್ಮವನ್ನು ಕೆಳಕ್ಕೆ ಎಳೆಯುವುದು. ಬೆರಳು ಜಾರದಂತೆ ಅವಕ್ಕೆ ಸ್ವಲ್ಪ ಪಟಿಕ ಉಜ್ಜಿಕೊಂಡರೆ ಒಳ್ಳೆಯದು. ನನ್ನ ಗಮನವೆಲ್ಲ ಹೊಳೆಯುವ ಅಲಗಿನ ಮೇಲೆ ನೆಟ್ಟಿರುತ್ತಿತ್ತು. ಎಡಗೈ ತನ್ನ ಪಾಡಿಗೆ ಸಡಿಲವಾಗುತ್ತಿತ್ತು. ನನಗಾದ ಗಾಯಗಳಲ್ಲಿ ಹೆಚ್ಚಿನವು ಕತ್ತಿಯ ತಪ್ಪಿನಿಂದ ಆದವಲ್ಲ, ಎಡಗೈಯ ಅಲಕ್ಷ್ಯದಿಂದ ಆದವು.

ಇಲ್ಲಿ ಒಂದು ವಿಚಿತ್ರ ಹೊರಬಿತ್ತು. ಎಡಗೈಯನ್ನು ಎಲ್ಲಿ ಇಡಲಿ ಎಂದು ಕೇಳಿದರೆ ತಾತನಿಗೆ ಹೇಳಲು ಬರುತ್ತಿರಲಿಲ್ಲ. ನನ್ನ ಮುಂದೆ ನಿಂತು ತಮ್ಮ ಕೈಯಿಂದ ನನ್ನ ಗಲ್ಲ ಹಿಡಿದು ತೋರಿಸುವರು. ಕನ್ನಡಿಯ ಮುಂದೆ ಅದೇ ಕೆಲಸ ನನ್ನ ಕೈಗೆ ತಿರುಗುಮುರುಗಾಗುತ್ತಿತ್ತು. ಕೊನೆಗೆ ಗೊತ್ತಾದದ್ದು: ಅರವತ್ತು ವರ್ಷ ಊರಿಗೆಲ್ಲ ಕ್ಷೌರ ಮಾಡಿದ ಅವರು ಒಂದು ದಿನವೂ ತಮ್ಮ ಗಡ್ಡವನ್ನು ತಾವೇ ಮಾಡಿಕೊಂಡವರಲ್ಲ. ಪಕ್ಕದ ಹಳ್ಳಿಯ ಕಸುಬಿನವರು ಇವರಿಗೆ, ಇವರು ಅವರಿಗೆ. ತನ್ನ ಮುಖಕ್ಕೆ ತಾನೇ ಕತ್ತಿ ಹಚ್ಚುವುದು ಬೇರೆಯೇ ವಿದ್ಯೆ. ಫ್ರಾನ್ಸಿನಲ್ಲಿ ಝಾನ್ ಝಾಕ್ ಪೆರೆ ಎಂಬ ಕತ್ತಿ ತಯಾರಕ 1769ರಲ್ಲಿ ಇದಕ್ಕಾಗಿಯೇ ಒಂದು ಪುಸ್ತಕ ಬರೆದಿದ್ದಾನೆ. ತನ್ನ ಕ್ಷೌರ ತಾನೇ ಮಾಡಿಕೊಳ್ಳಲು ಕಲಿಯುವ ಕಲೆ ಎಂಬುದು ಅದರ ಹೆಸರಿನಲ್ಲೇ ಇದೆ. ಅಲಗಿಗೆ ಮರದ ಕಾಪು ತೊಡಿಸಿದ ಕತ್ತಿಯೊಂದನ್ನೂ ಅವನು ರೂಪಿಸಿದ. ಆ ಕಾಪಿನ ಯೋಚನೆಯ ಜಾಡಿನಲ್ಲೇ ಮುಂದೆ ಅಮೆರಿಕದ ಜಿಲೆಟ್ಟನ ರೇಜರು ಬಂತು. 1903ರಲ್ಲಿ, ಮಾರಾಟದ ಮೊದಲ ವರ್ಷ, ಬರಿಯ 51 ರೇಜರು, 168 ಬ್ಲೇಡು ಹೋದವಂತೆ. ಆಮೇಲಿನ ಕಥೆ ಎಲ್ಲರ ಬಚ್ಚಲಮನೆಯಲ್ಲೂ ಇದೆ.

ಹೀಗೆ ತಾತನೂ ನಾನೂ ಇಬ್ಬರೂ ವಿದ್ಯಾರ್ಥಿಗಳಾದೆವು. ಅವರು ನನ್ನ ಹಿಂದೆ ನಿಂತು, ನನ್ನ ಎರಡು ಕೈಗಳನ್ನೂ ಹಿಡಿದು, ಕನ್ನಡಿಯಲ್ಲಿ ನೋಡುತ್ತ ತಮ್ಮ ಮುಖವೇ ಎಂಬಂತೆ ಎಣಿಸಿಕೊಂಡು ಮಾಡಿಸುವರು. ಅವರ ಕೈ ಈಗ ನಡುಗುತ್ತದೆ. ಅಲಗು ಚರ್ಮಕ್ಕೆ ತಾಗುವ ಗಳಿಗೆಯಲ್ಲಿ ಮಾತ್ರ ಕೈ ಬಿಟ್ಟುಬಿಡುತ್ತಿದ್ದರು. ಆಗ ನಾನೊಬ್ಬನೇ. ಎಡಗೆನ್ನೆಗೆ ಬಲಗೈಯನ್ನೇ ಮೂಗಿನ ಮುಂದೆ ಅಡ್ಡ ತರುವುದೋ ಕತ್ತಿಯನ್ನು ಎಡಗೈಗೆ ಬದಲಿಸುವುದೋ ಎಂಬ ಚರ್ಚೆ ನಾಲ್ಕು ದಿನ ನಡೆಯಿತು. ಬದಲಿಸುವುದೇ ಮೇಲೆಂದು ನನ್ನ ತೀರ್ಮಾನ. ಕಣ್ಣಿಗೆ ಕತ್ತಿ ಮರೆಯಾಗುವುದಿಲ್ಲ. ಎಡಗೈ ಬರೆಯಲು ಬಾರದಿದ್ದರೂ ಇದನ್ನು ಬೇಗ ಕಲಿತುಕೊಂಡಿತು, ಬಹುಶಃ ಅದಕ್ಕೆ ಹಳೆಯ ಕೆಟ್ಟ ಅಭ್ಯಾಸಗಳಿರಲಿಲ್ಲವೆಂದೋ ಏನೋ.

ಕೊನೆಗೆ ತಣ್ಣೀರಿನಲ್ಲಿ ಮುಖ ತೊಳೆದು ಪಟಿಕ ಉಜ್ಜಿದರೆ ಎಲ್ಲೆಲ್ಲಿ ತಪ್ಪಾಗಿದೆಯೆಂದು ಉರಿಯೇ ಹೇಳುತ್ತದೆ. ಕತ್ತಿಯನ್ನು ತೊಳೆದು, ಬಟ್ಟೆಯಿಂದ ಒರಸಿ, ತೆಳುವಾಗಿ ಎಣ್ಣೆ ಸವರಿ ಇಡಬೇಕು. ಇದು ತುಕ್ಕು ಹಿಡಿಯುವ ಉಕ್ಕು. ಕಠೋಪನಿಷತ್ತಿನಲ್ಲಿ ಆತ್ಮಜ್ಞಾನದ ದಾರಿಯನ್ನು ಕ್ಷೌರದ ಕತ್ತಿಯ ಅಂಚಿಗೆ ಹೋಲಿಸಿದೆ. ಸಂಸ್ಕೃತದ ತರಗತಿಯಲ್ಲಿ ಇದನ್ನು ಕೇಳಿದಾಗ ಆ ಋಷಿಗೆ ಬಾಯಿಗೆ ಎಣ್ಣೆ ಸವರುವ ವಿಚಾರ ಗೊತ್ತಿತ್ತೇ ಎಂದು ಯೋಚಿಸುತ್ತ ಕುಳಿತೆ. ಆ ಗಂಟೆಯ ಟಿಪ್ಪಣಿ ನನ್ನಲ್ಲಿ ಅರ್ಧವೇ ಇದೆ.

ಇದೆಲ್ಲ ತಂದೆಯವರಿಗೆ ತಿಳಿಯದಂತೆ ನಡೆಯುತ್ತಿತ್ತು. ಅವರು ಬೆಳಗಿನ ಬಸ್ಸಿಗೆ ಹೋದರೆ ರಾತ್ರಿ ಬರುವವರು. ಅಂಗಡಿಗೆ ರಜೆ ಮಂಗಳವಾರ ಮಾತ್ರ. ಆ ದಿನ ನಾನು ಕತ್ತಿ ತೆಗೆಯುತ್ತಿರಲಿಲ್ಲ. ದೀಪಾವಳಿಯ ರಜೆಯಲ್ಲಿ ಊರಿಗೆ ಹೋದಾಗ ವಾರದ ಲೆಕ್ಕ ತಪ್ಪಿತು. ಹಿತ್ತಲಿನ ಕಂಬಕ್ಕೆ ಕನ್ನಡಿ ತೂಗುಹಾಕಿ ಅರ್ಧ ಮುಖ ಮುಗಿಸಿದ್ದೆ. ಕನ್ನಡಿಯ ಮೂಲೆಯಲ್ಲಿ ತಂದೆಯವರು ಕಂಡರು. ಬಾಗಿಲಿಗೆ ಒರಗಿ ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು. ತಾತ ಜಗಲಿಯಿಂದ ಎದ್ದು ಒಳಗೆ ಹೋಗಿಬಿಟ್ಟರು. ನನ್ನ ಕೈ ನಿಂತಿತು.

"ನಿಲ್ಸಬ್ಯಾಡ, ನೊರೆ ಒಣಗ್ತದೆ" ಎಂದರು.

ಮುಂದುವರಿಸಿದೆ. ಎಡದವಡೆಯ ಕೆಳಗೆ ನನಗೆ ಯಾವಾಗಲೂ ಗಾಯವಾಗುವ ಜಾಗವೊಂದಿದೆ; ಅಂದೂ ಆಯಿತು. ತಂದೆಯವರು ಹತ್ತಿರ ಬಂದು, ಬಾಲದ ಮೇಲೆ ಬಿಗಿಯಾಗಿ ಒತ್ತಿದ್ದ ನನ್ನ ಕಿರುಬೆರಳನ್ನು ಎತ್ತಿ ಸಡಿಲವಾಗಿ ಇಟ್ಟರು. ಆಮೇಲೆ ತಮ್ಮ ಬೆರಳಿನ ಹಿಂಬದಿಯಿಂದ ಆ ಜಾಗವನ್ನು ಮೇಲಕ್ಕೂ ಕೆಳಕ್ಕೂ ಒಂದೊಂದು ಸಲ ಸವರಿ ನೋಡಿದರು. "ಇಲ್ಲಿ ನಿಂಗೆ ಕೂದ್ಲು ಕೆಳಕ್ಕೆ ಹೋಗಲ್ಲ, ಕಿವಿ ಕಡೀಕ್ ಹೋಯ್ತದೆ. ನಂಗೂ ಹಂಗೇ. ಗಂಟ್ಲಿಂದ ಕಿವಿ ಕಡೀಕ್ ತಗೊ." ಕೂದಲು ಯಾವ ಕಡೆಗೆ ಹರಿಯುತ್ತದೆಂದು ಎರಡು ದಿನದ ಗಡ್ಡವನ್ನು ಬೆರಳಿನಿಂದ ಸವರಿ ಮೊದಲೇ ತಿಳಿದುಕೊಳ್ಳಬೇಕೆಂಬುದು ನನಗೂ ಗೊತ್ತಿತ್ತು. ಮುಖದ ಉಳಿದ ಭಾಗವನ್ನೆಲ್ಲ ನೋಡಿಕೊಂಡಿದ್ದೆ. ಆ ಒಂದು ಅಂಗುಲವನ್ನು ಬಿಟ್ಟಿದ್ದೆ. ಅವರು ಹೇಳಿದ ಕಡೆಗೆ ಎಳೆದೆ. ಸದ್ದೇ ಬದಲಾಯಿತು, ಕೆರೆಯುವ ಸದ್ದು ಹೋಗಿ ಒಣಹುಲ್ಲು ಕೊಯ್ದ ಹಾಗೆ ಕೇಳಿಸಿತು.

ಅಂದಿನಿಂದ ಆ ಜಾಗದಲ್ಲಿ ಗಾಯವಾಗಿಲ್ಲ. ಗದ್ದ ಇನ್ನೂ ಪೂರ್ತಿ ಒಲಿದಿಲ್ಲ. ಕೆಳದುಟಿಯನ್ನು ಹಲ್ಲಿನ ಮೇಲೆ ಎಳೆದುಕೊಂಡರೆ ಅಲ್ಲಿನ ಚರ್ಮ ಬಿಗಿಯಾಗುತ್ತದೆಂದು ತಂದೆಯವರು ಬಾಯಲ್ಲಿ ಹೇಳಿದ್ದಾರೆ. ಕತ್ತಿಯ ತುದಿಯನ್ನು ಹೇಗೆ ತಿರುಗಿಸಬೇಕೆಂಬುದನ್ನು ಬರುವ ಮಂಗಳವಾರ ಊರಿಗೆ ಬಂದರೆ ತೋರಿಸುತ್ತೇನೆ ಎಂದಿದ್ದಾರೆ.